ಎರಕದೊಳಗೆ ಕಂಡ ಬಿಳಿ ಉಂಗುರ

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರು ಮಾಡಿದರೆ ನಾನು ಅರ್ಧದಲ್ಲೇ ಎದ್ದು ಹೋಗುವವನು. ಸತ್ತ ಅಜ್ಜಿ ಕನಸಿನಲ್ಲಿ ಬಂದು ಬಸ್ಸು ಹತ್ತಬೇಡ ಎಂದಳು, ಹಲ್ಲಿ ಲೊಚಗುಟ್ಟಿದ್ದರಿಂದ ಕರೆಂಟು ಹೊಡೆಯುವುದು ತಪ್ಪಿತು, ಇಂಥವನ್ನೆಲ್ಲ ಕೇಳಿದರೆ ನನಗೆ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ನಮ್ಮ ಜೊತೆ ಕೆಲಸ ಮಾಡುವವರೊಬ್ಬರು ಒಮ್ಮೆ ಊಟದ ಹೊತ್ತಿನಲ್ಲಿ ತಮ್ಮೂರ ಹಾಳುಬಾವಿಯ ಹತ್ತಿರ ಕಂಡ ಬೆಳಕಿನ ವಿಷಯ ತೆಗೆದಿದ್ದರು. 'ಅದರ ಫೋಟೋ ಇದ್ದರೆ ತೋರಿಸಿ, ಇಲ್ಲದಿದ್ದರೆ ಮಜ್ಜಿಗೆ ಬಡಿಸಿ' ಎಂದು ಎಲ್ಲರೆದುರಿಗೆ ಅವರ ಬಾಯಿ ಮುಚ್ಚಿಸಿದ್ದೆ. ಪಾಪ, ಅವರು ಆಮೇಲೆ ಒಂದು ವಾರ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳಿಕೊಳ್ಳುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಂಬುತ್ತಿರಲಿಲ್ಲ.

ನನ್ನ ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಪೀಣ್ಯ ಎರಡನೇ ಹಂತದಲ್ಲಿ ಒಂದು ಸಣ್ಣ ಪರೀಕ್ಷಾ ಘಟಕ ನಮ್ಮದು. ಸುತ್ತಮುತ್ತಲಿನ ಫೌಂಡ್ರಿಗಳಲ್ಲಿ ಎರಕ ಹೊಯ್ದ ಪಂಪು, ವಾಲ್ವುಗಳ ಭಾಗಗಳು ನಮ್ಮಲ್ಲಿಗೆ ಬರುತ್ತವೆ. ಆಸ್ಪತ್ರೆಯಲ್ಲಿ ಮನುಷ್ಯರಿಗೆ ತೆಗೆಯುವ ಹಾಗೆ ನಾವು ಆ ಉಕ್ಕಿಗೆ ಎಕ್ಸ್‌ರೇ ತೆಗೆಯುತ್ತೇವೆ. ಆ ಫಿಲ್ಮುಗಳನ್ನು ಕತ್ತಲೆ ಕೋಣೆಯಲ್ಲಿ ದೀಪದ ಪೆಟ್ಟಿಗೆಯ ಮೇಲಿಟ್ಟು ಓದುವವನು ನಾನು. ಈ ಸಂಗತಿ ನಡೆದಾಗ ಹದಿನಾರು ವರ್ಷ ಅದೇ ಕೆಲಸ ಮಾಡಿದ್ದೆ. ಲೋಹದೊಳಗೆ ಗಾಳಿ ಸಿಕ್ಕಿಕೊಂಡ ತೂತು, ಬಿರುಕು, ಮರಳು, ಎಲ್ಲವೂ ಫಿಲ್ಮಿನಲ್ಲಿ ಕಪ್ಪಗೆ ಕಾಣುತ್ತವೆ. ಏನಾದರೂ ಕಂಡರೆ ರಿಜಿಸ್ಟರಿನಲ್ಲಿ ಅದರ ಚಿತ್ರ ಬರೆದು, ಅಳತೆ ಹಾಕಿ, ಸಹಿ ಮಾಡಬೇಕು. ಅನುಮಾನವಿದ್ದರೆ ಅದೇ ಭಾಗಕ್ಕೆ ಎರಡನೇ ಸಲ ಫಿಲ್ಮ್ ತೆಗೆಯಬೇಕು. ಮೊದಲನೆಯದರಲ್ಲಿ ಕಂಡದ್ದು ಎರಡನೆಯದರಲ್ಲಿ ಇಲ್ಲದಿದ್ದರೆ ದೋಷ ಫಿಲ್ಮಿನದೇ ಹೊರತು ಉಕ್ಕಿನದಲ್ಲ, ಯಾರದೋ ಬೆರಳಚ್ಚೋ ನೀರಿನ ಕಲೆಯೋ ಆಗಿರುತ್ತದೆ. ಮೊದಲನೆಯದನ್ನು ಗುಜರಿ ಡಬ್ಬಕ್ಕೆ ಎಸೆದು ಎರಡನೆಯದನ್ನು ನಂಬಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತಾರಲ್ಲ, ನಮಗೆ ಅದೇ ವೇದ. ಈ ನಿಯಮವನ್ನು ನಾನು ಮನೆಗೂ ತೆಗೆದುಕೊಂಡು ಹೋದೆ. ಅದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ನನ್ನ ಹೆಂಡತಿ ಪ್ರಮೀಳಾಗೆ ಆಗ ಮೂವತ್ತಾರು. ಟಿ. ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಮೋಟರಿನ ಕಾಯಿಲ್ ಸುತ್ತುವ ಒಂದು ಶೆಡ್ಡಿನಲ್ಲಿ ಕೆಲಸ ಮಾಡುತ್ತಿದ್ದಳು. ಆ ವರ್ಷ ಯುಗಾದಿಯ ಆಸುಪಾಸಿನಲ್ಲಿ ಅವಳಿಗೆ ತಲೆನೋವು ಶುರುವಾಯಿತು. ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದಳು. ಶೆಡ್ಡಿನಲ್ಲಿ ಮೇಜಿನ ಅಂಚಿನಲ್ಲಿಟ್ಟ ತಾಮ್ರದ ತಂತಿಯ ಉರುಳೆಗಳನ್ನು ಮೊಣಕೈಯಿಂದ ಬೀಳಿಸಿ ಮೇಸ್ತ್ರಿಯ ಕೈಲಿ ಬೈಸಿಕೊಂಡಳು. 'ಪಕ್ಕದಲ್ಲಿ ಪರದೆ ಎಳೆದ ಹಾಗಿದೆ ಕಣ್ರೀ' ಎಂದು ನನಗೆ ಎಷ್ಟು ಸಲ ಹೇಳಿದಳೋ. ಕನ್ನಡಕದ ಅಂಗಡಿಯವನು ಎರಡು ಸಲ ಗಾಜು ಬದಲಾಯಿಸಿದ. ಮುಟ್ಟು ನಿಂತಿತು. ಅವಳ ತಾಯಿ, ಅಂದರೆ ನಮ್ಮ ಅತ್ತೆ, ನಮ್ಮ ಮಗಳಿಗೆ ತಮ್ಮನೋ ತಂಗಿಯೋ ಬರುತ್ತಾರೆಂದು ಖುಷಿಪಟ್ಟರು. ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂತು. ಹೆಂಗಸರ ಡಾಕ್ಟರು ತಲೆಯೆತ್ತದೆ ಚೀಟಿ ಬರೆಯುತ್ತಾ 'ಟೆನ್ಷನ್ ಜಾಸ್ತಿ ಆಗಿದೆ, ವಾಕಿಂಗ್ ಮಾಡಿ' ಎಂದರು. ದಿನಕ್ಕೆ ಎಂಟು ಗಂಟೆ ನಿಂತು ಕಾಯಿಲ್ ಸುತ್ತುವವಳಿಗೆ ವಾಕಿಂಗ್!

ಆಷಾಢದಲ್ಲಿ ಒಂದು ಕಣ್ಣಿನ ಕ್ಲಿನಿಕ್ಕಿನಲ್ಲಿ ನೋಟದ ಹರವು ಪರೀಕ್ಷೆ ಮಾಡಿದರು. ಒಂದು ಬಟ್ಟಲಿನಂಥ ಯಂತ್ರದೊಳಗೆ ಮುಖವಿಟ್ಟು, ನಡುವಿನ ಚುಕ್ಕೆಯನ್ನೇ ದಿಟ್ಟಿಸುತ್ತಾ, ಸುತ್ತ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಮೊದಲ ಸಲದ ಚೀಟಿಯಲ್ಲಿ ಬಲಗಣ್ಣಿನ ಬಲಭಾಗ ಕಪ್ಪು, ಎಡಗಣ್ಣಿನ ಎಡಭಾಗ ಕಪ್ಪು. ಪರೀಕ್ಷೆ ಮಾಡಿದಾಕೆ 'ಇವರು ಸರಿಯಾಗಿ ಒತ್ತಿಲ್ಲ ಅನ್ಸುತ್ತೆ ಸಾರ್, ನಾಳೆ ಇನ್ನೊಂದ್ಸಲ ಮಾಡೋಣ' ಎಂದಳು. ನಾನು ಮನೆಗೆ ಬಂದು ಪ್ರಮೀಳಾಗೆ ಬೈದೆ. ಚಿಕ್ಕ ಮಕ್ಕಳೂ ಒತ್ತುತ್ತಾರೆ, ನಿನಗೆ ಒಂದು ಗುಂಡಿ ಒತ್ತಲು ಬರುವುದಿಲ್ಲವೇ ಎಂದೆ. ಮರುದಿನ ಚೀಟಿ ಹೆಚ್ಚುಕಡಿಮೆ ಸ್ವಚ್ಛವಾಗಿ ಬಂತು. ಅವಳು ನನ್ನ ಬೈಗುಳಕ್ಕೆ ಹೆದರಿ, ಪಾಸಾಗಲೇಬೇಕೆಂದು, ಕಣ್ಣು ಹೊರಳಿಸಿ ಹೊರಳಿಸಿ ಬೆಳಕನ್ನು ಹುಡುಕಿ ಒತ್ತಿದ್ದಳು. ಅದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ. ಆ ದಿನ ಮಾತ್ರ ಎರಡು ಚೀಟಿಗಳನ್ನೂ ಪಕ್ಕಪಕ್ಕ ಹಿಡಿದು, ನಮ್ಮ ವೇದದ ಪ್ರಕಾರ ಮೊದಲನೆಯದನ್ನು ಕ್ಲಿನಿಕ್ಕಿನ ಕಸದ ಬುಟ್ಟಿಗೆ ನಾನೇ ನನ್ನ ಕೈಯಾರೆ ಹಾಕಿ ಬಂದೆ.

ಇದಾಗಿ ಕೆಲವು ವಾರಗಳಿಗೆ, ಶ್ರಾವಣದಲ್ಲಿ, ಬೆಳಿಗ್ಗೆ ಸುಮಾರು ಹನ್ನೊಂದು ಗಂಟೆಗೆ ಆ ಸಂಗತಿ ನಡೆಯಿತು. ಅಷ್ಟು ಹೊತ್ತಿಗೆ ಮೂವತ್ತು ನಲವತ್ತು ಫಿಲ್ಮ್ ಓದಿ ಮುಗಿಸಿದ್ದೆ. ಒಂದು ಪಂಪಿನ ಕವಚದ ಫಿಲ್ಮನ್ನು ಪೆಟ್ಟಿಗೆಯ ಮೇಲಿಟ್ಟೆ. ಅದರ ನಡುವೆ ಒಂದು ಉಂಗುರವಿತ್ತು. ಬಿಳಿ ಉಂಗುರ. ಹದಿನಾರು ವರ್ಷದಲ್ಲಿ ಎರಕದೊಳಗೆ ನಾನು ಕಂಡ ದೋಷಗಳೆಲ್ಲ ಕಪ್ಪು. ಬಿಳಿ ಎಂದರೆ ಉಕ್ಕಿಗಿಂತ ದಟ್ಟವಾದದ್ದೇನೋ ಉಕ್ಕಿನೊಳಗೆ ಕೂತಿದೆ ಎಂದರ್ಥ. ಅಂಥದ್ದು ಆ ಫೌಂಡ್ರಿಯಲ್ಲಿ ಸೇರಲು ದಾರಿಯೇ ಇಲ್ಲ. ಉಂಗುರ ಪೂರ್ತಿ ದುಂಡಗಿರಲಿಲ್ಲ. ಮೊಟ್ಟೆಯ ಚಿಪ್ಪಿನಷ್ಟು ತೆಳು, ಕೆಳಗೆ ಎಡಕ್ಕೆ ಒಂದು ಕಡೆ ಒಡೆದಿತ್ತು, ಮೇಲ್ಗಡೆ ಸಣ್ಣ ಬಾಲದಂಥದ್ದು ಹೊರಗೆ ಚಾಚಿತ್ತು.

ನನ್ನ ಸಹಾಯಕ ಬಸಪ್ಪ ಪಕ್ಕದಲ್ಲೇ ಇದ್ದ. ಕೊಪ್ಪಳದ ಕಡೆಯವನು, ನನ್ನದೇ ವಯಸ್ಸು, ಫಿಲ್ಮ್ ತೊಳೆಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಅವನೂ ಬಗ್ಗಿ ನೋಡಿದ. 'ಏನ್ರೀ ಸರ ಇದು? ಕೋಳಿ ತತ್ತಿ ಇಟ್ಟಂಗ ಕಾಣ್ತೈತಲ್ಲ' ಎಂದ. ನನಗೆ ತಕ್ಷಣ ಅವನ ಮೇಲೆ ಕೆಂಡದಂಥ ಸಿಟ್ಟು ಬಂತು. 'ಆಚೆ ಹೋಗು' ಎಂದು ಕಿರುಚಿದೆ. ಯಾಕೆ ಕಿರುಚಿದೆನೋ ಗೊತ್ತಿಲ್ಲ. ಅವನು ಬೆಪ್ಪಾಗಿ ಹೊರಗೆ ಹೋದ. ನಾನು ಒಬ್ಬನೇ ಆ ಫಿಲ್ಮಿನ ಮುಂದೆ ಹತ್ತು ನಿಮಿಷ ಕೂತಿದ್ದೆ, ಎತ್ತಿ ಪಕ್ಕಕ್ಕಿಡಲು ಕೈ ಬರುತ್ತಿರಲಿಲ್ಲ. ಕೆನ್ನೆ ಒದ್ದೆಯಾಗಿದ್ದನ್ನು ನೋಡಿಕೊಂಡು ನನಗೇ ನಾಚಿಕೆಯಾಯಿತು. ಎರಕದ ಉಕ್ಕಿನ ಚಿತ್ರ ನೋಡಿ ಅಳುವವನನ್ನು ಎಲ್ಲಾದರೂ ಕಂಡಿದ್ದೀರಾ?

ಆಮೇಲೆ ಮಾಡಬೇಕಾದ್ದನ್ನು ಮಾಡಿದೆ. ರಿಜಿಸ್ಟರಿನಲ್ಲಿ ಉಂಗುರದ ಚಿತ್ರ ಬರೆದೆ. ಒಡೆದ ಜಾಗ, ಬಾಲ, ಅಗಲ ಇಪ್ಪತ್ತೆರಡು ಮಿಲಿಮೀಟರ್, ಕೆಳಗೆ ಸಹಿ. ಅದೇ ಕವಚಕ್ಕೆ ಎರಡನೇ ಫಿಲ್ಮ್ ತೆಗೆಸಿದೆ. ಏನೂ ಇರಲಿಲ್ಲ. ಮನಸ್ಸು ತಡೆಯದೆ ನಿಯಮ ಮೀರಿ ಮೂರನೆಯದನ್ನೂ ತೆಗೆಸಿದೆ. ಏನೂ ಇಲ್ಲ. 'ಫಿಲ್ಮಿನ ದೋಷ' ಎಂದು ಬರೆದು ಮೊದಲನೆಯದನ್ನು ಗುಜರಿ ಡಬ್ಬಕ್ಕೆ ಹಾಕಿದೆ. ಕವಚ ಪಾಸಾಗಿ ಸಂಜೆಯ ಲಾರಿಯಲ್ಲಿ ಹೊರಟುಹೋಯಿತು. ವಾರದೊಳಗೆ ನಾನು ಅದನ್ನು ಮರೆತೆ.

ಕಾರ್ತಿಕದಲ್ಲಿ ಪ್ರಮೀಳಾ ಕೆಲಸ ಮುಗಿಸಿ ಬರುವಾಗ ಬಲಗಡೆಯಿಂದ ಬಂದ ಸ್ಕೂಟರು ಅವಳಿಗೆ ಗುದ್ದಿತು. ಮುಂಗೈ ಮುರಿಯಿತು. ಸ್ಕೂಟರಿನವನು ಒಂದೇ ಸಮನೆ 'ಅಷ್ಟು ಹಾರ್ನ್ ಹೊಡೆದೆ ಸಾರ್, ನೋಡ್ಲೇ ಇಲ್ಲ ಇವ್ರು' ಎನ್ನುತ್ತಿದ್ದ. ನರ್ಸಿಂಗ್ ಹೋಮಿನಲ್ಲಿ ಡ್ಯೂಟಿಯಲ್ಲಿದ್ದದ್ದು ಒಬ್ಬ ಎಳೆಯ ಲೇಡಿ ಡಾಕ್ಟರು. ಕೈಗೆ ಪಟ್ಟಿ ಕಟ್ಟಿಸುತ್ತಾ ಸ್ಕೂಟರಿನವನ ಮಾತು ಕೇಳಿಸಿಕೊಂಡರು. ಪ್ರಮೀಳಾಗೆ ತಮ್ಮ ಮೂಗನ್ನೇ ನೋಡಲು ಹೇಳಿ, ತಮ್ಮ ಎರಡೂ ಕೈ ಅಗಲಿಸಿ, ಬೆರಳು ಆಡಿಸಿದರು. ಯಾವ ಬೆರಳು ಆಡುತ್ತಿದೆ ಹೇಳಿ ಎಂದರು. ಪ್ರಮೀಳಾಗೆ ಎರಡೂ ಕೈ ಕಾಣಲಿಲ್ಲ. 'ಅಕ್ಕ, ಇದು ಎಷ್ಟು ದಿನದಿಂದ?' ಎಂದು ಅವರು ಮೆಲ್ಲಗೆ ಕೇಳಿದರು. ಎರಡು ಬೆರಳು! ಯಂತ್ರ ಬೇಕಿರಲಿಲ್ಲ, ಗಾಜು ಬೇಕಿರಲಿಲ್ಲ. ಏಳೆಂಟು ತಿಂಗಳು ನಾವು ಮೆಟ್ಟಿಲು ಹತ್ತಿದ ಕ್ಲಿನಿಕ್ಕುಗಳಲ್ಲಿ ಕೂತಿದ್ದ ಒಬ್ಬ ಮಹಾನುಭಾವನಿಗೂ ಎರಡು ಬೆರಳು ಆಡಿಸುವಷ್ಟು ಪುರುಸೊತ್ತಿರಲಿಲ್ಲ. ನನಗೂ ಇರಲಿಲ್ಲ.

ಎಂಆರ್‌ಐ ಆಯಿತು. ಮೆದುಳಿನ ತಳದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಕೆಳಗೆ ಪಿಟ್ಯುಟರಿ ಎಂಬ ಕಡಲೆಕಾಳಿನಷ್ಟು ಗ್ರಂಥಿ ಇದೆಯಂತೆ. ಅದರ ಮೇಲೊಂದು ನೀರಿನ ಚೀಲ ಬೆಳೆದು ನರಗಳನ್ನು ಒತ್ತುತ್ತಿತ್ತು. ಮುಟ್ಟು ನಿಂತದ್ದಕ್ಕೂ ಅದೇ ಕಾರಣ. ಒಬ್ಬ ತಜ್ಞರು ಇದು ಗ್ರಂಥಿಯ ಸಾಧಾರಣ ಗೆಡ್ಡೆ, ಮಾತ್ರೆಗೆ ಕರಗುತ್ತದೆ, ಮೂರು ತಿಂಗಳು ಬಿಟ್ಟು ಬನ್ನಿ ಎಂದು ಕಳಿಸಿದರು. ಆ ಎಳೆಯ ಡಾಕ್ಟರು ಮಾತ್ರ ಒಪ್ಪಲಿಲ್ಲ. 'ಎಂಆರ್‌ಐನಲ್ಲಿ ಸುಣ್ಣದಂಶ ಸರಿಯಾಗಿ ಕಾಣಲ್ಲ ಸಾರ್. ಸಿಟಿ ಸ್ಕ್ಯಾನ್ ಮಾಡಿಸಿ. ಸುಣ್ಣ ಕಟ್ಟಿದ್ರೆ ಇದು ಮಾತ್ರೆಗೆ ಕರಗೋ ಜಾತಿ ಅಲ್ಲ' ಎಂದರು. ಒಂದೇ ಬಗೆಯ ಪರೀಕ್ಷೆಗೆ ಎಲ್ಲ ದೋಷವೂ ಕಾಣುವುದಿಲ್ಲ ಎಂಬುದು ನನ್ನ ಕಸುಬಿನ ಮೊದಲ ಪಾಠ. ಅದನ್ನು ಇನ್ನೊಬ್ಬರು ನನಗೆ ಹೇಳಬೇಕಾಯಿತು.

ವೈಟ್‌ಫೀಲ್ಡ್ ಕಡೆಯ ದೊಡ್ಡ ಆಸ್ಪತ್ರೆಯೊಂದಕ್ಕೆ ಮೆಟ್ರೋದಲ್ಲಿ, ಮೆಜೆಸ್ಟಿಕ್ಕಿನಲ್ಲಿ ಇಳಿದು ಹತ್ತಿ, ಹೋದೆವು. ಸಿಟಿ ಸ್ಕ್ಯಾನ್ ಆದ ಮೇಲೆ ಸರ್ಜನ್ ನಮ್ಮಿಬ್ಬರನ್ನೂ ಕೂರಿಸಿಕೊಂಡು ಚಿತ್ರವನ್ನು ತೆರೆಯ ಮೇಲೆ ತಂದರು. ಬಿಳಿ ಉಂಗುರ. ಚಿಪ್ಪಿನಷ್ಟು ತೆಳು. ಕೆಳಗೆ ಎಡಕ್ಕೆ ಒಡೆದಿತ್ತು. ಮೇಲೆ ಬಾಲ.

'ಎಷ್ಟು ಅಗಲ?' ಎಂದೆ. ಅವರು ಮೌಸಿನಿಂದ ಗೆರೆ ಎಳೆದರು. ಇಪ್ಪತ್ತೆರಡು.

'ಇದನ್ನ ನಾನು ಮೊದಲೇ ನೋಡಿದೀನಿ' ಎಂದು ಎದ್ದು ನಿಂತೆ. ನನ್ನ ಧ್ವನಿ ಏರಿತ್ತು. ಸರ್ಜನ್ ನನಗೆ ಗಾಬರಿಯಾಗಿದೆ ಎಂದುಕೊಂಡು ನೀರು ತರಿಸಿದರು. ಪ್ರಮೀಳಾ ಮುಖ ಪೂರ್ತಿ ನನ್ನ ಕಡೆ ತಿರುಗಿಸಿ ನೋಡುತ್ತಿದ್ದಳು, ಏಕೆಂದರೆ ಪಕ್ಕದಲ್ಲಿ ಕೂತವನನ್ನು ನೋಡಲು ಅವಳಿಗೆ ಬೇರೆ ದಾರಿ ಇರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಘಟಕಕ್ಕೆ ಹೋಗಿ ರಿಜಿಸ್ಟರ್ ತೆಗೆದೆ. ಶ್ರಾವಣದ ಆ ಪುಟದಲ್ಲಿ ನನ್ನ ಕೈಯ ಚಿತ್ರ, ನನ್ನ ಸಹಿ, ಎಲ್ಲ ಹಾಗೇ ಇತ್ತು. ಸಿಟಿಯ ಫಿಲ್ಮನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ, ಎರಡರ ಆಕಾರವೂ ಒಂದೇ. ನನ್ನ ಕಣ್ಣನ್ನು ನಾನೇ ನಂಬದೆ ಬಸಪ್ಪನನ್ನು ಪರೀಕ್ಷೆ ಮಾಡಿದೆ. ಹೆಸರಿದ್ದ ಅಂಚನ್ನು ಕಾಗದದಿಂದ ಮುಚ್ಚಿ, ಏನೂ ಹೇಳದೆ, ಫಿಲ್ಮನ್ನು ದೀಪದ ಪೆಟ್ಟಿಗೆಯ ಮೇಲಿಟ್ಟು ಅವನನ್ನು ಕರೆದೆ. ಅವನು ಉಂಗುರ ಬಿಟ್ಟು ಬೇರೇನೂ ನೋಡಲಿಲ್ಲ. 'ಅವತ್ತು ನನ್ನ ಆಚೆ ಹಾಕಿದ್ರಲ್ಲ ಸರ, ಅದೇ ತತ್ತಿ ಇದು' ಎಂದ. ಆಮೇಲೆ ಸುತ್ತ ಇದ್ದ ತಲೆಬುರುಡೆಯ ಗೆರೆ ಕಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದ. ಇದು ಯಾರದು ಎಂದು ಅವನು ಕೇಳಲೂ ಇಲ್ಲ.

ಸಂಕ್ರಾಂತಿಯ ಮುಂದಿನ ವಾರ ಆಪರೇಷನ್ ಆಯಿತು. ತಲೆ ಒಡೆಯಲಿಲ್ಲ, ಮೂಗಿನ ಮೂಲಕ ದುರ್ಬೀನು ತೂರಿಸಿ ಹೋದರು. ತೊಡೆಯಿಂದ ತೆಗೆದ ಪೊರೆಯಿಂದ ಒಳಗಿನ ತೂತಿಗೆ ತೇಪೆ ಹಾಕಿದರು, ಇಲ್ಲದಿದ್ದರೆ ಮೆದುಳಿನ ಸುತ್ತಲಿನ ನೀರು ಮೂಗಿಗೆ ಇಳಿಯುತ್ತದಂತೆ. ಆರು ಗಂಟೆ ನಾನು ಹೊರಗೆ ನಿಂತಿದ್ದೆ. ಸರ್ಜನ್ ಹೊರಬಂದು 'ಚೀಲದೊಳಗೆ ಹಳೇ ಮೆಷಿನ್ ಆಯಿಲ್ ಥರ ದ್ರವ ಇತ್ತು. ನಮ್ಮ ಪುಸ್ತಕದಲ್ಲೂ ಹಾಗೇ ಬರೆದಿರ್ತಾರೆ' ಎಂದರು. ಪೀಣ್ಯದವನಿಗೆ ಹೇಳುವ ಮಾತೇ ಅದು! ಚಿಪ್ಪನ್ನು ಚೂರು ಚೂರಾಗಿ ಬಿಡಿಸಿ ತೆಗೆದಿದ್ದರು. ಒಂದು ಚೂರು ಮಾತ್ರ ಬಲಗಣ್ಣಿನ ನರಕ್ಕೆ ಕಚ್ಚಿಕೊಂಡಿತ್ತು, ಎಳೆದರೆ ನರವೇ ಕಿತ್ತು ಬರುತ್ತಿತ್ತೆಂದು ಬಿಟ್ಟಿದ್ದರು. ಅದು ಮತ್ತೆ ಬೆಳೆಯದಂತೆ ಆಮೇಲೆ ವಿಕಿರಣ ಕೊಟ್ಟರು. ಎಡಗಣ್ಣಿನ ಪಕ್ಕದ ನೋಟ ಮುಕ್ಕಾಲು ಪಾಲು ಹಿಂದಿರುಗಿತು. ಬಲಗಣ್ಣಿನದು ಬರಲಿಲ್ಲ. ಮೂರು ವರ್ಷವಾಯಿತು, ಇನ್ನು ಬರುವುದೂ ಇಲ್ಲ. 'ನಾಲ್ಕೈದು ತಿಂಗಳು ಮುಂಚೆ ಬಂದಿದ್ರೆ ಎರಡೂ ಉಳೀತಿತ್ತೇನೋ' ಎಂದು ಸರ್ಜನ್ ಹೇಳಿದರು. ಶ್ರಾವಣದಿಂದ ಸಂಕ್ರಾಂತಿಗೆ ಎಷ್ಟು ತಿಂಗಳು ಎಂದು ನಾನು ಬೆರಳು ಮಡಿಸಿ ಎಣಿಸಬೇಕಾಗಿರಲಿಲ್ಲ.

ಏನೇನೋ ಯೋಚಿಸಿದ್ದೇನೆ. ಇಂಥ ಚಿತ್ರವನ್ನು ಮೊದಲೆಲ್ಲೋ ನೋಡಿದ್ದು ಮನಸ್ಸಿನಲ್ಲಿ ಉಳಿದಿತ್ತೇ? ಹಾಗಿದ್ದರೆ ಬಸಪ್ಪನಿಗೆ ಹೇಗೆ ಕಂಡಿತು? ಕಾಕತಾಳೀಯವೇ? ಒಡೆದ ಜಾಗ ಅಲ್ಲೇ, ಬಾಲ ಅಲ್ಲೇ, ಅಳತೆಯೂ ಅದೇ. ಯಾರದೋ ತಲೆಯ ಹಳೆಯ ಫಿಲ್ಮ್ ನಮ್ಮದರಲ್ಲಿ ಸೇರಿತ್ತೇ ಎಂದರೆ, ಎಕ್ಸ್‌ರೇ ತೆಗೆಯುವಾಗ ಗುರುತಿಗೆಂದು ನಾವಿಡುವ ಸೀಸದ ಅಂಕಿಗಳು ಅದರ ಮೇಲೆ ಮೂಡಿದ್ದವು, ಪಂಪಿನ ಕವಚವೂ ಸ್ಪಷ್ಟವಾಗಿತ್ತು. ಗುಜರಿ ಡಬ್ಬದ ಫಿಲ್ಮುಗಳನ್ನು, ಅವುಗಳ ಲೇಪದಲ್ಲಿರುವ ಬೆಳ್ಳಿ ತೆಗೆಯುವವರು ತಿಂಗಳಿಗೊಮ್ಮೆ ಒಯ್ದು ಕರಗಿಸುತ್ತಾರೆ. ಹಾಗಾಗಿ ಆ ಫಿಲ್ಮೂ ಉಳಿದಿಲ್ಲ.

ಬಸಪ್ಪ ಆಸ್ಪತ್ರೆಗೆ ಬಂದಾಗ ಈ ವಿಷಯ ಅತ್ತೆಯ ಕಿವಿಗೆ ಹಾಕಿದ್ದ. ಅಲ್ಲಿಂದ ಅದು ಪವಾಡವಾಯಿತು. ಪ್ರಮೀಳಾ ಮನೆಗೆ ಬಂದು ಎರಡು ತಿಂಗಳಾಗಿತ್ತು. ಒಂದು ಭಾನುವಾರ ಮಧ್ಯಾಹ್ನ ಬೀದಿಯ ನಾಲ್ಕು ಜನ ಹೆಂಗಸರು ಅವಳನ್ನು ನೋಡಲು ಬಂದಿದ್ದರು. ಅತ್ತೆ ಕೈಮುಗಿದುಕೊಂಡು, 'ತಾಯಿ ನಮ್ಮ ಅಳಿಯಂದ್ರಿಗೆ ಕಾರ್ಖಾನೇಲಿ ಪ್ರತ್ಯಕ್ಷ ತೋರಿಸ್ಬಿಟ್ಲು ಕಣ್ರಮ್ಮ' ಎಂದು ಶುರು ಮಾಡಿದರು. ನನಗೆ ಮೈಯೆಲ್ಲ ಉರಿಯಿತು.

'ತೋರಿಸೋಕೆ ಅವಳಿಗೆ ಪಂಪೇ ಬೇಕಿತ್ತಾ? ನನ್ನ ಕೈ ಹಿಡಿದು ಆಸ್ಪತ್ರೆಗೆ ಎಳ್ಕೊಂಡು ಹೋಗೋಕೆ ಆಗ್ಲಿಲ್ವಾ? ಎರಡನೇ ಫಿಲ್ಮಲ್ಲಿ ಯಾಕೆ ಅಡಗಿಕೊಂಡ್ಲು?' ಎಂದು ಆ ಹೆಂಗಸರೆದುರೇ ಕೂಗಾಡಿದೆ. ನನ್ನ ಸಿಟ್ಟು ನಿಜವಾಗಿ ಆ ದೇವಿಯ ಮೇಲೂ ಅಲ್ಲ, ಅತ್ತೆಯ ಮೇಲೂ ಅಲ್ಲ. ಯಾವುದೋ ಒಂದು ನನಗೆ ತೋರಿಸಿತು. ಮೊದಲನೆಯದನ್ನು ನಂಬಬಾರದೆಂದು ಹದಿನಾರು ವರ್ಷ ಕಲಿತವನಿಗೇ, ಒಂದೇ ಒಂದು ಸಲ ತೋರಿಸಿ ಸುಮ್ಮನಾಯಿತು. ಅದು ಕರುಣೆಯೋ ಕುಚೇಷ್ಟೆಯೋ ನನಗೆ ಗೊತ್ತಾಗುವುದಿಲ್ಲ.

ಪ್ರಮೀಳಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅಳತೆಯ ಜಗ್ಗಿತ್ತು. ಆಪರೇಷನ್ನಿನಲ್ಲಿ ಆ ಗ್ರಂಥಿಗೆ ಪೆಟ್ಟಾಗಿ ಮೈಯಲ್ಲಿ ನೀರು ನಿಲ್ಲುತ್ತಿರಲಿಲ್ಲ, ಹಾಗಾಗಿ ಅವಳು ಕುಡಿಯುವ ನೀರನ್ನೆಲ್ಲ ಅಳೆದು ಬರೆದಿಡಬೇಕಾಗಿತ್ತು. ಜಗ್ಗನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟಳು. ಇಷ್ಟು ತಿಂಗಳಲ್ಲಿ ಅವಳು ನನ್ನ ಮೇಲೆ ಒಮ್ಮೆಯೂ ಧ್ವನಿ ಏರಿಸಿರಲಿಲ್ಲ. ಆಗಲೂ ಏರಿಸಲಿಲ್ಲ.

'ಅಮ್ಮ, ನೀನು ಸುಮ್ನಿರು. ರೀ, ನೀವೂ ಸುಮ್ನಿರಿ. ಹೋದ ವರ್ಷ ಯುಗಾದಿಯಿಂದ ನಾನು ದಿನಾ ಬಾಯ್ಬಿಟ್ಟು ಹೇಳ್ತಾ ಇದ್ದೆ, ಪಕ್ಕ ಕಾಣಲ್ಲ ಅಂತ. ನೀವ್ಯಾರೂ ನಂಬಲಿಲ್ಲ. ಈಗ ಕಬ್ಬಿಣ ಹೇಳಿತ್ತು, ಅದನ್ನ ನಂಬಬೇಕಿತ್ತು ಅಂತ ಒದ್ದಾಡ್ತಾ ಇದೀರಿ. ನಿಮಗೆ ಆ ಫಿಲ್ಮು ವಿಚಿತ್ರ. ನನಗೆ ಇದು ವಿಚಿತ್ರ.'

ಬಂದಿದ್ದ ಹೆಂಗಸರು ಕುಂಕುಮ ತೆಗೆದುಕೊಂಡು ಒಬ್ಬೊಬ್ಬರಾಗಿ ಎದ್ದು ಹೋದರು. ಅವಳು ಜಗ್ಗಿನಲ್ಲಿದ್ದ ನೀರಿನ ಅಳತೆ ನೋಡಿ ಪುಸ್ತಕದಲ್ಲಿ ಬರೆದು, ನೀರು ಕುಡಿದು, ಒಳಗೆ ಹೋಗಿ ಮಲಗಿದಳು. ಆ ಉಂಗುರ ಪಂಪಿನೊಳಗೆ ಹೇಗೆ ಬಂತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ಮೊದಲು ನಂಬಬೇಕಾಗಿದ್ದದ್ದು ಅವಳ ಮಾತನ್ನು ಎಂಬುದು ನನಗೆ ಅವತ್ತೇ ಗೊತ್ತಾಗಿತ್ತು, ಅದನ್ನು ಅವಳೆದುರು ನಿಂತು ಹೇಳಲು ಮಾತ್ರ ಇನ್ನೂ ಆಗಿಲ್ಲ.